ಭಾರ ಇಳಿಸುವುದು ಬೇರೆ, ಕೆಲಸ ಇಳಿಸುವುದು ಬೇರೆ

ಪುಟ್ಟ ಕ್ಯಾಮೆರಾಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಒಂದು ನೇರವಾದ ಗೆರೆಯನ್ನು ಎಳೆದುಬಿಡುತ್ತಾರೆ. ಮೊದಲು ಕುದುರೆಯ ಮೇಲೆ ಹೇರಬೇಕಾದಂಥ ಕ್ಯಾಮೆರಾ, ಆಮೇಲೆ ಕೈಯಲ್ಲಿ ಹಿಡಿಯಬಹುದಾದ ಕೊಡಕ್, ಅನಂತರ ಕೋಟಿನ ಜೇಬಿಗೆ ಇಳಿಯುವ ಲೈಕಾ, ಕೊನೆಗೆ ಇಂದಿನ ಮೊಬೈಲು. ದೊಡ್ಡದು ಚಿಕ್ಕದಾಯಿತು, ಕಷ್ಟವಾದದ್ದು ಸುಲಭವಾಯಿತು, ಅಲ್ಲಿಗೆ ಕಥೆ ಮುಗಿಯಿತು. ಐದು ಅಂಕದ ಪ್ರಶ್ನೆಗೆ ಉತ್ತರವಾಗಿ ಬರೆಯಲು ಇದು ಚೆನ್ನಾಗಿಯೇ ಇದೆ. ಆದರೆ ಈ ವಿಷಯವನ್ನು ಆಸಕ್ತಿಯಿಂದ ಓದಿಕೊಂಡು ಬಂದ ಮೇಲೆ ನನ್ನ ಅಭಿಪ್ರಾಯ ಬೇರೆಯೇ ಆಗಿದೆ. ಕೊಡಕ್ ಮತ್ತು ಲೈಕಾಗಳನ್ನು ಒಂದೇ ದಾರಿಯ ಮೈಲಿಗಲ್ಲುಗಳೆಂದು ಎಣಿಸಬಾರದು. ಅವು ಒಂದೇ ಊರಿನಿಂದ ಹೊರಟು ಎರಡು ದಿಕ್ಕಿಗೆ ಹೋದ ದಾರಿಗಳು. ಒಂದು ಮನುಷ್ಯನ ಕೈಯಿಂದ ಕೆಲಸವನ್ನು ತೆಗೆದುಕೊಂಡಿತು. ಇನ್ನೊಂದು ಅವನ ಹೆಗಲಿನಿಂದ ಭಾರವನ್ನು ಇಳಿಸಿ, ಕೆಲಸವನ್ನು ಅವನಿಗೇ ಬಿಟ್ಟಿತು. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಈ ಎರಡರ ನಡುವಣ ಅಂತರ ಸಣ್ಣದಾಗಿ ಕಾಣುವುದಿಲ್ಲ. ಹೇಗೆಂಬುದನ್ನು ನಿಧಾನವಾಗಿ ಹೇಳುತ್ತೇನೆ.

ಮೊದಲು ಆ ಭಾರ ಎಂಥದ್ದಾಗಿತ್ತು ಎಂಬುದನ್ನು ನೋಡೋಣ. 1851ರಲ್ಲಿ ಬಳಕೆಗೆ ಬಂದ ಒದ್ದೆ ಗಾಜಿನ ಫಲಕದ ವಿಧಾನವು ಹಲವು ದಶಕಗಳ ಕಾಲ ಛಾಯಾಗ್ರಹಣವನ್ನು ಆಳಿತು. ಗಾಜಿನ ಹಲಗೆಗೆ ರಾಸಾಯನಿಕವನ್ನು ಸವರಿ, ಅದು ಒಣಗುವುದರೊಳಗೆ ಚಿತ್ರ ತೆಗೆದು, ಒಣಗುವುದರೊಳಗೇ ತೊಳೆದು ಮುಗಿಸಬೇಕು. ಎಲ್ಲವೂ ಹತ್ತು ಹದಿನೈದು ನಿಮಿಷದ ಆಟ. ಆದ್ದರಿಂದ ಬೆಟ್ಟದ ತುದಿಯಲ್ಲಿ ಚಿತ್ರ ತೆಗೆಯಬೇಕೆಂದವನು ಕತ್ತಲೆಕೋಣೆಯನ್ನೂ ಬೆಟ್ಟದ ತುದಿಗೇ ಹೊತ್ತೊಯ್ಯಬೇಕಾಗಿತ್ತು. 1877ರಲ್ಲಿ ಅಮೆರಿಕದ ರಾಚೆಸ್ಟರ್ ಪಟ್ಟಣದಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದ ಜಾರ್ಜ್ ಈಸ್ಟ್‌ಮನ್ ಎಂಬ ತರುಣ ದೂರದ ಪ್ರವಾಸವೊಂದರ ಆಸೆಯಿಂದ ಈ ಸಾಮಗ್ರಿಯನ್ನೆಲ್ಲ ಕೊಂಡ. ಕ್ಯಾಮೆರಾ, ಮುಕ್ಕಾಲಿ, ಗಾಜಿನ ಫಲಕಗಳು, ರಾಸಾಯನಿಕದ ಸೀಸೆಗಳು, ತೊಳೆಯುವ ತೊಟ್ಟಿ, ನೀರು, ಇವೆಲ್ಲಕ್ಕೂ ಮಿಗಿಲಾಗಿ ಒಂದು ಗುಡಾರ. ಆ ಪ್ರವಾಸ ನಡೆಯಲಿಲ್ಲ. ಆದರೆ ಮನುಷ್ಯನೊಬ್ಬ ಹೊರಬಲ್ಲಷ್ಟೇ ಸಾಮಾನಿನಿಂದ ಚಿತ್ರ ತೆಗೆಯಲಾಗದೆ ಎಂಬ ಪ್ರಶ್ನೆ ಅವನ ತಲೆಯಲ್ಲಿ ಉಳಿಯಿತು. ಹಗಲು ಬ್ಯಾಂಕು, ರಾತ್ರಿ ತಾಯಿಯ ಅಡುಗೆಮನೆಯಲ್ಲಿ ಪ್ರಯೋಗ. 1881ರಲ್ಲಿ ನೌಕರಿ ಬಿಟ್ಟ.

ಅವನು ಕಂಡುಕೊಂಡ ಉತ್ತರ 1888ರಲ್ಲಿ ಪೆಟ್ಟಿಗೆಯೊಂದರ ರೂಪದಲ್ಲಿ ಹೊರಬಂತು. ಅದಕ್ಕೆ ‘ಕೊಡಕ್’ ಎಂದು ಹೆಸರಿಟ್ಟ. ಯಾವ ಭಾಷೆಯಲ್ಲೂ ಅರ್ಥವಿಲ್ಲದ, ಎಲ್ಲ ಭಾಷೆಯವರೂ ಉಚ್ಚರಿಸಬಲ್ಲ ಹೆಸರು. ಬೆಲೆ 25 ಡಾಲರ್. ಒಳಗೆ ನೂರು ಚಿತ್ರಗಳಿಗಾಗುವಷ್ಟು ಸುರುಳಿ. ದಾರ ಎಳೆಯುವುದು, ಕೀಲಿ ತಿರುಗಿಸುವುದು, ಗುಂಡಿ ಒತ್ತುವುದು, ಇಷ್ಟೇ ಕೆಲಸ. ನೂರು ಚಿತ್ರ ಮುಗಿದ ಮೇಲೆ ಪೆಟ್ಟಿಗೆಯನ್ನು ಹಾಗೆಯೇ ರಾಚೆಸ್ಟರಿನ ಕಾರ್ಖಾನೆಗೆ ಕಳುಹಿಸಿ 10 ಡಾಲರ್ ಕೊಟ್ಟರೆ, ಅವರು ಸುರುಳಿಯನ್ನು ತೊಳೆದು, ದುಂಡಗಿನ ಚಿತ್ರಗಳನ್ನು ಅಚ್ಚು ಹಾಕಿ, ಹೊಸ ಸುರುಳಿ ತುಂಬಿ ಹಿಂದಕ್ಕೆ ಕಳುಹಿಸುತ್ತಿದ್ದರು. ಗುಂಡಿ ನಿಮ್ಮದು, ಉಳಿದುದೆಲ್ಲ ನಮ್ಮದು ಎಂಬುದೇ ಅವರ ಜಾಹೀರಾತಿನ ತಿರುಳು. ಗಮನಿಸಬೇಕಾದ ಒಂದು ಸಂಗತಿಯೆಂದರೆ ಆ ಮೊದಲ ಕೊಡಕ್‌ನಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯೇ ಇರಲಿಲ್ಲ. ಪೆಟ್ಟಿಗೆಯ ಮೇಲೆ ಕೊರೆದ ಗೆರೆಗಳನ್ನು ನೋಡಿಕೊಂಡು ಸುಮಾರಾಗಿ ಗುರಿ ಹಿಡಿಯಬೇಕಾಗಿತ್ತು. ಚಿತ್ರ ತೆಗೆಯುವವನು ನೋಡುವುದೂ ಅಷ್ಟೇನೂ ಅಗತ್ಯವಿಲ್ಲ ಎಂದು ಯಂತ್ರವೇ ಹೇಳಿದಂತಿತ್ತು.

ಈಸ್ಟ್‌ಮನ್ ಮಾಡಿದ ಉಪಕಾರವನ್ನು ಅಲ್ಲಗಳೆಯುವಷ್ಟು ಕೃತಘ್ನ ನಾನಲ್ಲ. 1900ರಲ್ಲಿ ಅವನ ಕಂಪನಿ ‘ಬ್ರೌನಿ’ ಎಂಬ ರಟ್ಟಿನ ಪೆಟ್ಟಿಗೆಯನ್ನು ಒಂದೇ ಒಂದು ಡಾಲರಿಗೆ ಮಾರಾಟಕ್ಕೆ ತಂದಿತು. ಫ್ರಾಂಕ್ ಬ್ರೌನೆಲ್ ರೂಪಿಸಿದ ಈ ಕ್ಯಾಮೆರಾವನ್ನು ಮಕ್ಕಳಿಗೆಂದೇ ಮಾಡಲಾಗಿತ್ತು. ಅದಕ್ಕೂ ಮೊದಲು ಸಾಮಾನ್ಯ ಕುಟುಂಬದವರ ಚಿತ್ರವೆಂದರೆ ಸ್ಟುಡಿಯೋಗೆ ಹೋಗಿ, ಹೊಸ ಬಟ್ಟೆ ತೊಟ್ಟು, ಉಸಿರು ಬಿಗಿಹಿಡಿದು ಕುಳಿತದ್ದು ಮಾತ್ರ. ಬ್ರೌನಿ ಬಂದ ಮೇಲೆ ತಾಯಿ ಅಂಗಳದಲ್ಲಿ ಬಟ್ಟೆ ಹರವುತ್ತಿರುವುದು, ನಾಯಿಮರಿ ಮಗುವಿನ ಟೋಪಿಯನ್ನು ಎಳೆಯುತ್ತಿರುವುದು ಕೂಡ ಚಿತ್ರವಾಗಬಹುದು ಎಂದಾಯಿತು. ಚರಿತ್ರೆಯಲ್ಲಿ ರಾಜರಿಗೆ ಮಾತ್ರ ಇದ್ದ ಸ್ಥಾನ ಸಾಮಾನ್ಯರ ಅಜ್ಜಿಗೂ ಸಿಕ್ಕಿತು. ಇದು ಸಣ್ಣ ಕೆಲಸವಲ್ಲ.

ಅದರ ಜೊತೆಗೇ ತೊಂದರೆಗಳೂ ಬಂದವು. ಕೇಳದೆಯೇ ಚಿತ್ರ ತೆಗೆಯುವವರ ಕಾಟ ಹೊಸದೆಂದು ನಾವು ತಿಳಿದಿದ್ದೇವೆ. 1890ರ ಡಿಸೆಂಬರಿನಲ್ಲಿಯೇ ವಾರೆನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ಅಮೆರಿಕನ್ ವಕೀಲರು ಹಾರ್ವರ್ಡಿನ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಬರೆಯುತ್ತ, ಕ್ಷಣಮಾತ್ರದಲ್ಲಿ ತೆಗೆಯುವ ಚಿತ್ರಗಳನ್ನು ಪತ್ರಿಕೆಗಳ ಹಾವಳಿಯ ಜೊತೆಗೇ ಸೇರಿಸಿ ಹೇಳಿದ್ದರು. ಇನ್ನೊಂದು ಮಾತು. ಸೆಲ್ಯುಲಾಯ್ಡ್ ಫಿಲ್ಮಿಗೆ 1887ರಲ್ಲಿಯೇ ಪೇಟೆಂಟ್ ಅರ್ಜಿ ಹಾಕಿದವರು ಹ್ಯಾನಿಬಲ್ ಗುಡ್‌ವಿನ್ ಎಂಬ ಪಾದ್ರಿ. ಅದು ಮಂಜೂರಾಗಲು 11 ವರ್ಷ ಹಿಡಿಯಿತು. 1900ರಲ್ಲಿ ಅವರು ತೀರಿಕೊಂಡರು. ಅವರ ಪೇಟೆಂಟನ್ನು ಪಡೆದುಕೊಂಡಿದ್ದವರಿಗೆ ಈಸ್ಟ್‌ಮನ್‌ನ ಕಂಪನಿ 1914ರಲ್ಲಿ 50 ಲಕ್ಷ ಡಾಲರ್ ತೆರಬೇಕಾಯಿತು. ಪಾಠದ ಪುಸ್ತಕಗಳಲ್ಲಿ ಒಬ್ಬನ ಹೆಸರಿನ ಮುಂದೆ ಬರೆದಿರುವ ಆವಿಷ್ಕಾರಗಳ ಹಿಂದೆ ಇಂಥ ಗುಡ್‌ವಿನ್ನರು ಎಷ್ಟು ಮಂದಿಯೋ!

ಕೊಡಕ್ ಕಂಪನಿ ಅಷ್ಟಕ್ಕೇ ನಿಲ್ಲಲಿಲ್ಲ. 1912ರಲ್ಲಿ ‘ವೆಸ್ಟ್ ಪಾಕೆಟ್ ಕೊಡಕ್’ ಬಂತು. ಮಡಿಸಿದರೆ ಅಂಗಿಯ ಮೇಲಿನ ಗಿಡ್ಡ ಕೋಟಿನ ಜೇಬಿನಲ್ಲಿ ಹಿಡಿಸುವಂಥದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ಇದನ್ನು ಸೈನಿಕನ ಕ್ಯಾಮೆರಾ ಎಂದೇ ಮಾರಿದರು. 1924ರ ಎವರೆಸ್ಟ್ ಆರೋಹಣದಲ್ಲಿ ಜಾರ್ಜ್ ಮ್ಯಾಲರಿ ಕೊನೆಯದಾಗಿ ಮೇಲೇರಿದಾಗ ಅವರ ಬಳಿ ಇದ್ದದ್ದು ಇಂಥದೇ ಕ್ಯಾಮೆರಾ. ಅದನ್ನು ಎರವಲು ಕೊಟ್ಟವರು ಡಾಕ್ಟರ್ ಹೊವಾರ್ಡ್ ಸಾಮರ್ವೆಲ್. ಅದೇ ಸಾಮರ್ವೆಲ್ ನಮ್ಮ ದಕ್ಷಿಣಕ್ಕೆ ಬಂದು, ತಿರುವಾಂಕೂರಿನ ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ ಬಹುಕಾಲ ರೋಗಿಗಳ ಸೇವೆ ಮಾಡಿದರು. ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಜೊತೆಗಾರ ಅರ್ವಿನ್‌ನ ಪಾದ ಬೂಟಿನ ಸಮೇತ 2024ರಲ್ಲಿ ಸಿಕ್ಕಿತು. ಎರಡು ಸಲವೂ ಕ್ಯಾಮೆರಾ ಮಾತ್ರ ಸಿಗಲಿಲ್ಲ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಜೇಬಿನ ಕ್ಯಾಮೆರಾ ಎಂಬುದು ಲೈಕಾ ಬರುವುದಕ್ಕೆ ಹದಿಮೂರು ವರ್ಷ ಮೊದಲೇ ಅಂಗಡಿಯಲ್ಲಿ ಸಿಗುತ್ತಿತ್ತು. ಆದುದರಿಂದ ಲೈಕಾದ ಹಿರಿಮೆ ಅದು ಚಿಕ್ಕದಾಗಿತ್ತು ಎಂಬುದರಲ್ಲಿ ಇರಲು ಸಾಧ್ಯವಿಲ್ಲ. ಹಾಗಾದರೆ ಮತ್ತೆ ಯಾವುದರಲ್ಲಿದೆ?

ಆಸ್ಕರ್ ಬಾರ್ನಾಕ್ 1879ರಲ್ಲಿ ಜರ್ಮನಿಯ ಬ್ರಾಂಡನ್‌ಬರ್ಗ್ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿದವನು. ಯಂತ್ರಕೆಲಸ ಕಲಿತು ಯೇನಾ ನಗರದ ಜೈಸ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಬಿಡುವಿನ ದಿನ ಥುರಿಂಗಿಯಾದ ಕಾಡುಗಳಲ್ಲಿ ಅಲೆದು ಚಿತ್ರ ತೆಗೆಯುವ ಹುಚ್ಚು. ಆದರೆ ದೇವರು ಹುಚ್ಚು ಕೊಟ್ಟವನಿಗೆ ಗಟ್ಟಿ ಶ್ವಾಸಕೋಶ ಕೊಟ್ಟಿರಲಿಲ್ಲ, ಅವನಿಗೆ ಉಬ್ಬಸ. ಅವನ ಕ್ಯಾಮೆರಾ 13×18 ಸೆಂಟಿಮೀಟರಿನ ಗಾಜಿನ ಫಲಕದ್ದು. ಅದರ ಪೆಟ್ಟಿಗೆ, ಫಲಕಗಳ ಚೌಕಟ್ಟುಗಳು, ಮುಕ್ಕಾಲಿ ಎಲ್ಲವನ್ನೂ ಹೊತ್ತು ಏರು ಹತ್ತುವಾಗ ಅವನ ಸ್ಥಿತಿ ಏನಾಗುತ್ತಿತ್ತೆಂದು ಊಹಿಸಬಹುದು. ಅವನು ಒಂದು ಉಪಾಯ ಹೂಡಿದ. ಒಂದೇ ಫಲಕದ ಮೇಲೆ ಹದಿನೈದು ಇಪ್ಪತ್ತು ಚಿಕ್ಕ ಚಿತ್ರಗಳನ್ನು ತೆಗೆದು, ಆಮೇಲೆ ದೊಡ್ಡದು ಮಾಡಿದರೆ ಹೇಗೆ? ಪ್ರಯತ್ನಿಸಿ ನೋಡಿದ. ಗಾಜಿನ ಫಲಕದ ಲೇಪ ತೀರ ಒರಟಾಗಿದ್ದುದರಿಂದ ದೊಡ್ಡದು ಮಾಡಿದ ಚಿತ್ರ ಮರಳು ಎರಚಿದಂತೆ ಕಂಡಿತು. ಅಲ್ಲಿಗೆ ಕೈಬಿಟ್ಟ. ಆದರೆ ವಿಚಾರವನ್ನು ಬಿಡಲಿಲ್ಲ.

1911ರಲ್ಲಿ ಬಾರ್ನಾಕ್ ವೆಟ್ಸ್‌ಲರ್ ಎಂಬ ಊರಿನ ಲೈಟ್ಸ್ ಕಾರ್ಖಾನೆಗೆ ಸೇರಿದ. ಲೈಟ್ಸ್ ಎಂದರೆ ಸೂಕ್ಷ್ಮದರ್ಶಕಕ್ಕೆ ಹೆಸರಾದ ಮನೆ. ಅಲ್ಲಿ ಸಿನಿಮಾ ಕ್ಯಾಮೆರಾದ ಪ್ರಯೋಗಗಳನ್ನು ಮಾಡುತ್ತಿದ್ದಾಗ ಅವನ ಕೈಗೆ ಸಿನಿಮಾ ಫಿಲ್ಮು ಸಿಕ್ಕಿತು. ಈ ಫಿಲ್ಮಿನ ಹುಟ್ಟಿನಲ್ಲಿಯೂ ಈಸ್ಟ್‌ಮನ್ ಇದ್ದಾನೆ ಎಂಬುದು ಸ್ವಾರಸ್ಯ. ಎಡಿಸನ್ನನ ಪ್ರಯೋಗಶಾಲೆಯಲ್ಲಿದ್ದ ಡಿಕ್ಸನ್ ಎಂಬಾತ ಈಸ್ಟ್‌ಮನ್ ಕಂಪನಿಯ 70 ಮಿಲಿಮೀಟರ್ ಅಗಲದ ಫಿಲ್ಮನ್ನು ಉದ್ದಕ್ಕೆ ಎರಡಾಗಿ ಸೀಳಿ, ಅಂಚುಗಳಿಗೆ ತೂತು ಹೊಡೆದು 35 ಮಿಲಿಮೀಟರಿನ ಪಟ್ಟಿಯನ್ನು ಮಾಡಿದ್ದ. ಜಗತ್ತಿನ ಸಿನಿಮಾವೆಲ್ಲ ಓಡಿದ್ದು ಆ ಪಟ್ಟಿಯ ಮೇಲೆ. ಅದು ಎಲ್ಲೆಡೆ ಸಿಗುತ್ತಿತ್ತು, ಲೇಪ ನಯವಾಗಿತ್ತು. ಸಿನಿಮಾದ ಒಂದು ಚೌಕ 18×24 ಮಿಲಿಮೀಟರ್. ಬಾರ್ನಾಕ್ ಪಟ್ಟಿಯನ್ನು ಅಡ್ಡಲಾಗಿ ಹಾಯಿಸಿ, ಎರಡು ಚೌಕಗಳನ್ನು ಕೂಡಿಸಿ 24×36 ಮಾಡಿಕೊಂಡ. ಸಿನಿಮಾ ಫಿಲ್ಮನ್ನು ಸ್ಥಿರಚಿತ್ರಕ್ಕೆ ಬಳಸಿದವರಲ್ಲಿ ಅವನೇ ಮೊದಲಿಗನೇನಲ್ಲ. ನ್ಯೂಯಾರ್ಕಿನಲ್ಲಿ, ಪ್ಯಾರಿಸಿನಲ್ಲಿ ಅದೇ ಸುಮಾರಿಗೆ ಅಂಥ ಕ್ಯಾಮೆರಾಗಳು ಬಂದಿದ್ದವು. ಹೆಸರುಗಳು ಈಗ ಸಂಗ್ರಾಹಕರಿಗೆ ಮಾತ್ರ ಗೊತ್ತು.

ಲೆಕ್ಕ ಹಾಕುವ ಚಟ ಇರುವವರಿಗೆ ಇಲ್ಲೊಂದು ಲೆಕ್ಕವಿದೆ. ಅವನ ಹಳೆಯ ಗಾಜಿನ ಫಲಕದ ವಿಸ್ತೀರ್ಣ 234 ಚದರ ಸೆಂಟಿಮೀಟರ್. ಹೊಸ ನೆಗೆಟಿವ್‌ನದು 8.64. ಅಂದರೆ ಇಪ್ಪತ್ತೇಳರಲ್ಲಿ ಒಂದು ಪಾಲು. ಚಿತ್ರವೊಂದಕ್ಕೆ ನಡುವಣ ಸಂದೂ ಸೇರಿ ಎಂಟು ತೂತುಗಳಷ್ಟು ಜಾಗ, ಎಂದರೆ 38 ಮಿಲಿಮೀಟರ್ ಬೇಕು. 36 ಚಿತ್ರಗಳಿಗೆ 1,368 ಮಿಲಿಮೀಟರ್, ಆಚೀಚೆ ಸಿಕ್ಕಿಸಲು ಇನ್ನಷ್ಟು. ಬಾರ್ನಾಕ್ ತನ್ನ ಎರಡು ತೋಳುಗಳನ್ನು ಚಾಚಿ ಅಳೆದಷ್ಟೇ ಫಿಲ್ಮು ತುಂಬಿದ, ಅದಕ್ಕೇ 36 ಬಂತು ಎಂಬ ಕಥೆಯೊಂದಿದೆ. ಕಥೆಯೆಂದೇ ತೆಗೆದುಕೊಳ್ಳಿ, ಆದರೆ ಉದ್ದ ಸರಿಹೊಂದುತ್ತದೆ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಅಲ್ಲಿಯವರೆಗೆ ಹೆಚ್ಚಿನವರು ನೆಗೆಟಿವನ್ನು ಕಾಗದದ ಮೇಲೆ ಇಟ್ಟು ಅದೇ ಅಳತೆಯ ಚಿತ್ರವನ್ನು ಪಡೆಯುತ್ತಿದ್ದರು. ದೊಡ್ಡ ಚಿತ್ರ ಬೇಕಾದರೆ ದೊಡ್ಡ ನೆಗೆಟಿವ್, ಅದಕ್ಕೆ ದೊಡ್ಡ ಕ್ಯಾಮೆರಾ, ಅದಕ್ಕೆ ದೊಡ್ಡ ಹೆಗಲು. ಬಾರ್ನಾಕ್ ಈ ಸರಪಳಿಯನ್ನು ಕತ್ತರಿಸಿದ. ನೆಗೆಟಿವ್ ಚಿಕ್ಕದಿರಲಿ, ಚಿತ್ರ ದೊಡ್ಡದಿರಲಿ ಎಂದ. ಸೂಕ್ಷ್ಮದರ್ಶಕ ಮಾಡುವ ಮನೆಯಲ್ಲಿ ಕೂತವನಿಗೆ ಚಿಕ್ಕದನ್ನು ದೊಡ್ಡದು ಮಾಡುವುದು ವಿಚಿತ್ರವಾಗಿ ತೋರದಿದ್ದುದು ಸಹಜ. ಆದರೆ ಅದಕ್ಕೆ ಬೆಲೆ ತೆರಬೇಕಾಗಿತ್ತು. ಅಷ್ಟು ಚಿಕ್ಕ ನೆಗೆಟಿವ್ ಹಿಗ್ಗುವಾಗ ತಪ್ಪುಗಳೂ ಹಿಗ್ಗುತ್ತವೆ. ಲೆನ್ಸು ಅತ್ಯಂತ ಚುರುಕಾಗಿರಬೇಕು, ಫಿಲ್ಮು ಕೂದಲೆಳೆಯಷ್ಟೂ ಬಾಗದೆ ಚಪ್ಪಟೆಯಾಗಿ ನಿಲ್ಲಬೇಕು, ತೊಳೆಯುವವನ ಕೈ ಶುದ್ಧವಾಗಿರಬೇಕು. ಲೆನ್ಸನ್ನು ಮಾಡಿಕೊಟ್ಟವನು ಅದೇ ಕಾರ್ಖಾನೆಯ ಮ್ಯಾಕ್ಸ್ ಬೆರೆಕ್. ಮೊದಲ ಲೆನ್ಸೊಂದಕ್ಕೆ ಯಜಮಾನ ಎರ್ನ್‌ಸ್ಟ್ ಲೈಟ್ಸ್ ಮತ್ತು ತನ್ನ ಹೆಸರುಗಳನ್ನು ಬೆರೆಸಿ ‘ಎಲ್‌ಮ್ಯಾಕ್ಸ್’ ಎಂದಾಯಿತು. ಮುಂದಿನ ಒಂದಕ್ಕೆ ಬೆರೆಕ್ ತನ್ನ ನಾಯಿಯ ಹೆಸರನ್ನು ಇಟ್ಟ, ‘ಹೆಕ್ಟರ್’ ಎಂದು. ವಿದ್ವಾಂಸರ ವಿನಯ ಹಲವು ಬಗೆಯದು.

1914ರ ಹೊತ್ತಿಗೆ ಈ ಪುಟ್ಟ ಯಂತ್ರ ಸಿದ್ಧವಾಗಿತ್ತು. ಬಾರ್ನಾಕ್ ಅದನ್ನು ತನ್ನ ದಾಖಲೆಯಲ್ಲಿ ‘ಲಿಲಿಪುಟ್’ ಎಂದು ಕರೆದುಕೊಂಡ. ಆ ವರ್ಷ ಯುದ್ಧ ಶುರುವಾಯಿತು, ಸಾಧನ ಮೂಲೆಗೆ ಸರಿಯಿತು. ಆದರೂ ಅವನು ಅದನ್ನು ಜೊತೆಯಲ್ಲಿಟ್ಟುಕೊಂಡೇ ಇದ್ದ. 1920ರಲ್ಲಿ ವೆಟ್ಸ್‌ಲರಿನ ಬೀದಿಗಳಿಗೆ ನೆರೆ ನುಗ್ಗಿದಾಗ ಅವನು ತೆಗೆದ ಚಿತ್ರಗಳು ಉಳಿದಿವೆ. ಮುಕ್ಕಾಲಿ ಊರಿಕೊಂಡು, ಗಾಜು ಸಿಕ್ಕಿಸಿಕೊಂಡು ತೆಗೆಯುವ ಸಂದರ್ಭವಲ್ಲ ಅದು.

ಯುದ್ಧದ ನಂತರದ ಜರ್ಮನಿ ಹೇಗಿತ್ತೆಂಬುದನ್ನು ಚರಿತ್ರೆಯ ಪಾಠದಲ್ಲಿ ಓದಿದ್ದೀರಿ. 1923ರ ಹಣದುಬ್ಬರದಲ್ಲಿ ಗೋಣಿಚೀಲದ ತುಂಬ ನೋಟು ಒಯ್ದರೂ ಕೈಚೀಲದ ತುಂಬ ಸಾಮಾನು ಬರುತ್ತಿರಲಿಲ್ಲ. ಸೂಕ್ಷ್ಮದರ್ಶಕ ಕೊಳ್ಳುವವರು ಎಷ್ಟು ಮಂದಿ ಇದ್ದಾರು? ಕೆಲಸಗಾರರಿಗೆ ಕೆಲಸ ಬೇಕು. ಪರೀಕ್ಷೆಗಾಗಿ ಕೆಲವೇ ಕ್ಯಾಮೆರಾಗಳನ್ನು ಮಾಡಿ ಬಲ್ಲವರಿಗೆ ತೋರಿಸಿದರು. ಅಂಚೆಚೀಟಿಯಷ್ಟು ನೆಗೆಟಿವ್! ಮಾರುವವರಿಗೂ ತಜ್ಞರಿಗೂ ನಂಬಿಕೆ ಬರಲಿಲ್ಲ. 1924ರ ಬೇಸಗೆಯಲ್ಲಿ ಸುದೀರ್ಘ ಸಭೆಯೊಂದರ ಕೊನೆಗೆ ಇಮ್ಮಡಿ ಎರ್ನ್‌ಸ್ಟ್ ಲೈಟ್ಸ್, ಬಾರ್ನಾಕನ ಕ್ಯಾಮೆರಾವನ್ನು ತಯಾರಿಸುವುದೇ ಸರಿ ಎಂದು ತೀರ್ಮಾನಿಸಿದ. ಮರುವರ್ಷ, 1925ರ ವಸಂತದಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅದು ಜನರ ಮುಂದೆ ಬಂತು. ಲೈಟ್ಸ್ ಮತ್ತು ಕ್ಯಾಮೆರಾ ಎಂಬ ಎರಡು ಪದ ಕೂಡಿ ‘ಲೈಕಾ’. ಈ ಇಮ್ಮಡಿ ಲೈಟ್ಸ್‌ನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. 1933ರ ನಂತರ ಹಿಟ್ಲರನ ಆಳ್ವಿಕೆಯಲ್ಲಿ ಈತ ಅನೇಕ ಯೆಹೂದಿ ಕೆಲಸಗಾರರನ್ನೂ ಅವರ ಬಂಧುಗಳನ್ನೂ ಕಂಪನಿಯ ನೆಪದಲ್ಲಿ ಹೊರದೇಶಗಳಿಗೆ ಕಳುಹಿಸಿ ಉಳಿಸಿದ. ಹೋದವರಲ್ಲಿ ಹಲವರ ಕೊರಳಲ್ಲಿ ಹೊಸ ಲೈಕಾ ಇತ್ತಂತೆ.

ಅರ್ಧ ಕಿಲೋಗಿಂತ ಕಡಿಮೆ ತೂಕದ ಆ ಕ್ಯಾಮೆರಾ ಏನನ್ನು ಮಾಡುತ್ತಿತ್ತು, ಏನನ್ನು ಮಾಡುತ್ತಿರಲಿಲ್ಲ ಎಂಬುದೇ ನನಗೆ ಮುಖ್ಯ. ಒಂದು ಗುಂಡಿಯನ್ನು ತಿರುಗಿಸಿದರೆ ಫಿಲ್ಮು ಮುಂದೆ ಸರಿಯುತ್ತಿತ್ತು, ಶಟರೂ ಬಿಗಿಯಾಗುತ್ತಿತ್ತು, ಎಣಿಕೆಯೂ ಒಂದು ಹೆಚ್ಚುತ್ತಿತ್ತು. ಹಾಗಾಗಿ ಒಂದರ ಮೇಲೊಂದು ಚಿತ್ರ ಬೀಳುವ ಭಯವಿಲ್ಲ. ಮರೆವಿನಿಂದ ಆಗಬಹುದಾದ ಪ್ರಮಾದವನ್ನು ಯಂತ್ರ ತಾನೇ ವಹಿಸಿಕೊಂಡಿತು. ಆದರೆ ವಸ್ತು ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡುವುದು, ಬೆಳಕು ಎಷ್ಟಿದೆ ಎಂದು ಅಳೆಯುವುದು, ಸೆಕೆಂಡಿನ 500ನೆಯ ಒಂದು ಭಾಗವೋ ಇಪ್ಪತ್ತೈದನೆಯ ಒಂದು ಭಾಗವೋ ಎಂದು ತೀರ್ಮಾನಿಸುವುದು ನೋಡುವವನಿಗೇ ಬಿಟ್ಟದ್ದು. ಮಾಪಕವೂ ಇಲ್ಲ, ದೂರ ತೋರಿಸುವ ವ್ಯವಸ್ಥೆಯೂ ಕ್ಯಾಮೆರಾದೊಳಗೆ ಇಲ್ಲ. ದೂರಮಾಪಕವನ್ನು ಲೆನ್ಸಿಗೆ ಜೋಡಿಸಿದ ಲೈಕಾ 1932ರಲ್ಲಿ ಬಂತು, ಅದೇ ವರ್ಷ ಜೈಸ್ ಇಕಾನ್‌ನವರ ಕಾಂಟ್ಯಾಕ್ಸ್ ಪೈಪೋಟಿಗೆ ನಿಂತಿತು. ಆಗಲೂ ಎರಡು ಬಿಂಬಗಳನ್ನು ಕೂಡಿಸುವುದು ಕಣ್ಣಿನ ಕೆಲಸವೇ ಆಗಿತ್ತು.

ಮೇಷ್ಟ್ರ ಬುದ್ಧಿ ಎಲ್ಲಿ ಹೋದರೂ ಶಾಲೆಗೇ ಹಿಂದಿರುಗುತ್ತದೆ, ಕ್ಷಮಿಸಿ. ಮಕ್ಕಳ ಬೆನ್ನಿನ ಚೀಲ ಭಾರವಾಯಿತೆಂದು ನಾವೆಲ್ಲ ಕೂಗಿದೆವು, ಅದು ನ್ಯಾಯವೇ. ಚೀಲದಿಂದ ಬೇಡದ ಪುಸ್ತಕವನ್ನು ತೆಗೆದಿಡುವ ಮೇಷ್ಟ್ರು ಒಬ್ಬರು. ಪ್ರಶ್ನೆಯನ್ನೂ ಉತ್ತರವನ್ನೂ ತಾವೇ ಬರೆಸಿ, ಇದನ್ನು ಉರು ಹೊಡೆ, ಉಳಿದದ್ದು ನನಗೆ ಬಿಡು ಎನ್ನುವ ಮೇಷ್ಟ್ರು ಇನ್ನೊಬ್ಬರು. ಇಬ್ಬರನ್ನೂ ಮಕ್ಕಳು ಪ್ರೀತಿಯಿಂದಲೇ ಕಾಣುತ್ತಾರೆ. ಎರಡನೆಯವರನ್ನು ಒಂದು ಕೈ ಹೆಚ್ಚಾಗಿಯೇ. ಫಲಿತಾಂಶವೂ ಅವರದೇ ಚೆನ್ನಾಗಿರುತ್ತದೆ. ಆದರೆ ಮೊದಲನೆಯವರ ಕೈಯಲ್ಲಿ ಕಲಿತ ಹುಡುಗಿ ಪಠ್ಯದಲ್ಲಿಲ್ಲದ ಲೆಕ್ಕವೊಂದು ಎದುರಾದಾಗ ಪೆನ್ಸಿಲು ಕೈಗೆತ್ತಿಕೊಳ್ಳುತ್ತಾಳೆ. ನಾನು ಬಾರ್ನಾಕನ ಪಕ್ಷ ವಹಿಸುವುದು ಈ ಕಾರಣಕ್ಕೆ. ಅವನ ಉಬ್ಬಸ ಅವನಿಗೆ ಭಾರದ ಬೆಲೆಯನ್ನು ಕಲಿಸಿತ್ತು. ಕಲಿಯುವುದರ ಬೆಲೆಯನ್ನು ಅವನು ಇಳಿಸಲಿಲ್ಲ.

ನನ್ನ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಬ್ರೌನಿಗೆ ಒಂದು ಡಾಲರ್. ಲೈಕಾ ಉಳ್ಳವರ ಸೊತ್ತು. ಬಡವನ ಕೈಗೆ ಎಟುಕದ ಸಾಧನವನ್ನು ಮುಂದಿಟ್ಟುಕೊಂಡು ಸ್ವಾವಲಂಬನೆಯ ಮಾತಾಡುವುದು ಸುಲಭ. ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೆ ಉತ್ತರ ದೊರೆತದ್ದು 1934ರಲ್ಲಿ, ಅದೂ ಕೊಡಕ್‌ನವರ ಕೈಯಿಂದಲೇ. ಸ್ಟುಟ್‌ಗಾರ್ಟಿನ ಔಗುಸ್ಟ್ ನಾಗೆಲ್ ಎಂಬ ಕ್ಯಾಮೆರಾ ತಯಾರಕನ ಕಾರ್ಖಾನೆಯನ್ನು ಕೊಡಕ್ ಕೊಂಡಿತ್ತು. ಆತ ‘ರೆಟಿನಾ’ ಎಂಬ ಮಡಿಸುವ ಪುಟ್ಟ ಕ್ಯಾಮೆರಾವನ್ನು ಲೈಕಾಗಿಂತ ಬಹಳ ಕಡಿಮೆ ಬೆಲೆಗೆ ಸಿಗುವಂತೆ ಮಾಡಿದ. ಅದರ ಜೊತೆಯಲ್ಲಿ ಬಂತು, ಹಗಲು ಬೆಳಕಿನಲ್ಲಿಯೇ ತುಂಬಬಹುದಾದ ಸಿದ್ಧ ಫಿಲ್ಮಿನ ಡಬ್ಬಿ. ಅದಕ್ಕೂ ಮೊದಲು ಲೈಕಾದವರು ಕತ್ತಲಲ್ಲಿ ಕುಳಿತು ಫಿಲ್ಮನ್ನು ಕತ್ತರಿಸಿ ತಾವೇ ಡಬ್ಬಿಗೆ ಸುತ್ತಿಕೊಳ್ಳಬೇಕಾಗಿತ್ತು. ಹೊಸ ಡಬ್ಬಿಯ ಜಾಣ್ಮೆಯೆಂದರೆ ಅದು ರೆಟಿನಾಕ್ಕೆ ಮಾತ್ರವಲ್ಲದೆ ಲೈಕಾಕ್ಕೂ ಕಾಂಟ್ಯಾಕ್ಸ್‌ಗೂ ಹೊಂದುತ್ತಿತ್ತು. ನಾವು ಸ್ಟುಡಿಯೋದಲ್ಲಿ ‘ಒಂದು ರೀಲು ಕೊಡಿ’ ಎಂದು ಕೇಳಿ ಕೊಳ್ಳುತ್ತಿದ್ದದ್ದು ಅದನ್ನೇ. 1936ರಲ್ಲಿ ಅಮೆರಿಕದ ಆನ್ ಆರ್ಬರ್‌ನಿಂದ ಬೇಕಲೈಟಿನ ‘ಆರ್ಗಸ್’ ಹನ್ನೆರಡೂವರೆ ಡಾಲರಿಗೆ ಬಂತು. ನನ್ನ ಮಟ್ಟಿಗೆ ಪುಟ್ಟ ಕ್ಯಾಮೆರಾದ ನಿಜವಾದ ಶುಭಮುಹೂರ್ತ ಈ ಎರಡು ವರ್ಷಗಳು. ಈಸ್ಟ್‌ಮನ್‌ನ ಔದಾರ್ಯ ಮತ್ತು ಬಾ­ರ್ನಾಕನ ಶಿಸ್ತು ಒಂದೇ ಡಬ್ಬಿಯಲ್ಲಿ ಕೂಡಿಕೊಂಡವು.

ನಮ್ಮ ಕಡೆಗೆ ಈ ಎರಡು ದಾರಿಗಳಲ್ಲಿ ಮೊದಲನೆಯದೇ ಮೊದಲು ತಲುಪಿತು. ಮಧ್ಯಮವರ್ಗದ ಮನೆಗಳಿಗೆ ಬಂದ ಅಗ್ಫಾ ಕ್ಲಿಕ್ ತ್ರೀ, ಬರೋಡಾದಲ್ಲಿ ತಯಾರಾಗುತ್ತಿತ್ತು. ಅಗಲವಾದ 120 ಫಿಲ್ಮು, ಹನ್ನೆರಡು ಚೌಕದ ಚಿತ್ರ, ಬಿಸಿಲು ಮತ್ತು ಮೋಡ ಎಂಬ ಗುರುತುಗಳು. ಎಲ್ಲ ಅರ್ಥದಲ್ಲಿಯೂ ಬ್ರೌನಿಯ ಸೋದರ ಸಂಬಂಧಿ. ಬೇಲೂರು ಹಳೇಬೀಡಿನ ಶಾಲಾ ಪ್ರವಾಸದ ಚಿತ್ರಗಳನ್ನು ನೀವು ಇಟ್ಟುಕೊಂಡಿದ್ದರೆ ತೆಗೆದು ನೋಡಿ. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು, ಯಾರ ಮೇಲೋ ಸಿಟ್ಟಾದವರಂತೆ ನಿಂತಿರುತ್ತೀರಿ. ಸೂರ್ಯ ತೆಗೆಯುವವನ ಬೆನ್ನಿಗಿರಬೇಕು ಎಂಬುದೊಂದೇ ಆ ಕ್ಯಾಮೆರಾದ ಶಾಸ್ತ್ರ. ಸೂರ್ಯ ನನ್ನ ಬೆನ್ನಿಗಿದ್ದರೆ ನಿಮ್ಮ ಕಣ್ಣಿಗಿರಲೇಬೇಕಲ್ಲ! ಆ ಚಿತ್ರಗಳು ನನಗೆ ಅಮೂಲ್ಯ. ಆದರೂ ಹೊಯ್ಸಳರ ಗುಡಿಯ ಒಳಗಿನ ಕಂಬವೊಂದೂ ಅವುಗಳಲ್ಲಿ ಇಲ್ಲ. ಅಷ್ಟು ಕಡಿಮೆ ಬೆಳಕಿನಲ್ಲಿ ಅದು ಕುರುಡು.

ಭಾರ ಇಳಿದ ಮೇಲೂ ಕೆಲಸ ಉಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿಯೇ ನಡೆದ ಉದಾಹರಣೆಯೊಂದಿದೆ. ಫ್ರಾನ್ಸಿನ ಹೆನ್ರಿ ಕಾರ್ಟಿಯರ್ ಬ್ರೆಸನ್ 1932ರಲ್ಲಿ ಲೈಕಾ ಕೊಂಡು, ಹೊಳೆಯುವ ಭಾಗಗಳು ಯಾರ ಗಮನವನ್ನೂ ಸೆಳೆಯದಿರಲೆಂದು ಕಪ್ಪು ಪಟ್ಟಿ ಅಂಟಿಸಿಕೊಂಡಿದ್ದ. 1948ರ ಜನವರಿ 30ರ ಮಧ್ಯಾಹ್ನ ಆತ ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯವರನ್ನು ಕಂಡು, ತನ್ನ ಚಿತ್ರಪ್ರದರ್ಶನದ ಪುಸ್ತಕವನ್ನು ತೋರಿಸಿದ. ಅವನು ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಗಾಂಧೀಜಿಯವರ ಹತ್ಯೆಯಾಯಿತು. ಅವನು ಹಿಂದಿರುಗಿ ಓಡಿ ಬಂದ. ಕತ್ತಲಾಗುತ್ತಿದ್ದಾಗ ನೆಹರೂ ಗೇಟಿನ ಮೇಲೇರಿ ಜನರಿಗೆ ಸುದ್ದಿ ಹೇಳುತ್ತಿರುವ ಚಿತ್ರ ಅವನದು. ದೀಪದ ಮಂಕು ಬೆಳಕು, ಸ್ವಲ್ಪ ಅಲುಗಿದ ಚಿತ್ರ; ಆ ಅಲುಗಾಟವೂ ಅಲ್ಲಿಯ ದುಃಖಕ್ಕೆ ಸೇರಿದ್ದೇ. ಅದೇ ಹೊತ್ತಿನಲ್ಲಿ ಅಮೆರಿಕದ ಮಾರ್ಗರೆಟ್ ಬೋರ್ಕ್ ವೈಟ್ ಕೂಡ ಅಲ್ಲಿದ್ದರು. ಗಾಂಧೀಜಿ ಚರಕದ ಬಳಿ ಕುಳಿತಿರುವ 1946ರ ಪ್ರಸಿದ್ಧ ಚಿತ್ರ ಆಕೆಯದೇ. ದೊಡ್ಡ ಕಲಾವಿದೆ, ಸಂದೇಹವಿಲ್ಲ. ಆದರೆ ದೇಹವನ್ನಿರಿಸಿದ್ದ ಕೋಣೆಯಲ್ಲಿ ಆಕೆಯ ಫ್ಲ್ಯಾಶ್ ಬೆಳಗಿದಾಗ ಶೋಕದಲ್ಲಿದ್ದವರು ಕೆರಳಿದರೆಂದೂ, ಫಿಲ್ಮನ್ನು ಹೊರಗೆಳೆಸಿದರೆಂದೂ ಜೀವನಚರಿತ್ರೆಕಾರರು ಬರೆದಿದ್ದಾರೆ. ಬೆಳಕನ್ನು ತಾನೇ ತರುವ ಯಂತ್ರಕ್ಕೂ, ಇರುವ ಬೆಳಕನ್ನು ಓದಿಕೊಳ್ಳುವ ಕಣ್ಣಿಗೂ ಇರುವ ವ್ಯತ್ಯಾಸ ಆ ಸಂಜೆ ಒಂದೇ ಮನೆಯಲ್ಲಿ ಕಂಡಿತು.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1977ರಲ್ಲಿ ಜಪಾನಿನ ಕೊನಿಕಾ, ದೂರವನ್ನು ತಾನೇ ಗುರುತಿಸಿಕೊಳ್ಳುವ ಪುಟ್ಟ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು. ಬೆಳಕನ್ನು ಅಳೆಯುವ ಕೆಲಸ ಅದಕ್ಕೂ ಮೊದಲೇ ಯಂತ್ರದ ಪಾಲಾಗಿತ್ತು. ಹೊರಗಿನ ಆಕಾರ ಬಾರ್ನಾಕನದು, ಒಳಗಿನ ಧರ್ಮ ಈಸ್ಟ್‌ಮನ್‌ನದು. ಮೊಬೈಲಿನಲ್ಲಿ ಗುಂಡಿಯೂ ಗಾಜಿನ ಮೇಲಿನ ಚಿತ್ರವಾಗಿದೆ. ಉಳಿದದ್ದೆಲ್ಲ ನಮ್ಮದು ಎಂಬ 1888ರ ಮಾತು ಅಕ್ಷರಶಃ ನಿಜವಾದಾಗ, ಅದನ್ನು ಮೊದಲು ಆಡಿದ ಕಂಪನಿಗೇ ಉಳಿಯಲು ಏನೂ ಇರಲಿಲ್ಲ. 2012ರ ಜನವರಿಯಲ್ಲಿ ಅದು ದಿವಾಳಿಯೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿತು. ಬಾರ್ನಾಕನ 24×36ರ ಅಳತೆ ಮಾತ್ರ ಬದುಕಿದೆ. ಇಂದಿನ ದುಬಾರಿ ಡಿಜಿಟಲ್ ಕ್ಯಾಮೆರಾಗಳಲ್ಲಿ ‘ಫುಲ್ ಫ್ರೇಮ್’ ಎಂದು ಕೇಳಿ ಕೊಳ್ಳುವವರು, 1914ರಲ್ಲಿ ಉಬ್ಬಸದ ಮನುಷ್ಯನೊಬ್ಬ ಎರಡು ಸಿನಿಮಾ ಚೌಕಗಳನ್ನು ಕೂಡಿಸಿದ ಲೆಕ್ಕಕ್ಕೇ ಹಣ ತೆರುತ್ತಿದ್ದಾರೆ.

ಹಣದ ಮಾತು ಬಂದುದರಿಂದ ಇದೊಂದನ್ನು ಹೇಳುತ್ತೇನೆ. ಪರೀಕ್ಷೆಗೆಂದು ಮಾಡಿದ ಆ ಮೊದಲ ಕೆಲವು ಲೈಕಾಗಳಲ್ಲಿ 105ನೆಯ ಸಂಖ್ಯೆಯದನ್ನು ಬಾರ್ನಾಕ್ ತಾನೇ ಬಳಸುತ್ತಿದ್ದ. ಅದರ ಮೇಲೆ ಅವನ ಹೆಸರನ್ನು ಕೆತ್ತಲಾಗಿದೆ. 2022ರ ಜೂನ್‌ನಲ್ಲಿ ವೆಟ್ಸ್‌ಲರಿನಲ್ಲಿಯೇ ನಡೆದ ಹರಾಜಿನಲ್ಲಿ ಅದು 1 ಕೋಟಿ 44 ಲಕ್ಷ ಯೂರೋಗಳಿಗೆ ಹೋಯಿತು. ಬೆಟ್ಟ ಹತ್ತುವಾಗ ಹೊರೆಯಾಗಬಾರದೆಂದು ಮಾಡಿದ ವಸ್ತುವನ್ನು ಇನ್ನು ಯಾರೂ ಬೆಟ್ಟಕ್ಕೆ ಒಯ್ಯಲಾರರು. ನಿಮ್ಮಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ತಾತನ ಕಾಲದ ರೆಟಿನಾವೋ, ಕ್ಲಿಕ್ ತ್ರೀಯೋ ಇದ್ದರೆ ಧೂಳು ಒರೆಸಿ ನೋಡಿ, ಶಟರ್ ಇನ್ನೂ ಓಡುತ್ತದೆಯೇ ಎಂದು ನನಗೆ ಬರೆದು ತಿಳಿಸಿ. 120ರ ಫಿಲ್ಮೂ 35ರ ಫಿಲ್ಮೂ ಈಗಲೂ ತಯಾರಾಗುತ್ತವೆ. ತೊಳೆಯುವುದು ಹೇಗೆಂದು ಕೇಳಿದರೆ ಹೇಳಿಕೊಡುತ್ತೇನೆ, ತೊಳೆದುಕೊಡುವುದಿಲ್ಲ.